ಎಡಗೈಯ ನೀಲಿ

ಎಷ್ಟು ತಣ್ಣಗಿದೆ ಈ ನೆಲ, ಚಪ್ಪಲಿ ಹೊರಗೆ ಬಿಡಿಸಿದರು, ಕೂರಲು ಒಂದು ಬೆಚ್ಚಗಿನ ಜಾಗವಾದರೂ ಕೊಡಬಾರದೇ ಈ ಆಸ್ಪತ್ರೆಯವರು, ತಂಪು ಪಾದದಿಂದ ಏರಿ ಏರಿ ಎಡಗೈಗೆ ಬರುತ್ತದೆ, ಅಂಗೈಯ ನೀಲಿ ಗಂಟಿನಲ್ಲಿ ಕೂತು ಚುಚ್ಚುತ್ತದೆ — ಕೈ ಕೆಳಗೆ ಬಿಟ್ಟರೆ ಉಬ್ಬು, ಮೇಲೆತ್ತಿದರೆ ಇಳಿತ, ಅದಕ್ಕೇ ಶಾಲೆಯ ಹುಡುಗಿಯ ಹಾಗೆ ಕೈಯೆತ್ತಿಕೊಂಡು ಕೂತಿದ್ದೇನೆ, ಎದುರಿನವರು ನಗಲಿ, ನೋವು ಅವರದಲ್ಲವಲ್ಲ. ಪಕ್ಕದಲ್ಲಿ ಮಗಳು ಸ್ನೇಹಲ್ ವಿಮೆಯ ಕಾಗದ ತುಂಬುತ್ತಿದ್ದಾಳೆ, ರೋಗದ ಹೆಸರನ್ನು ಅಕ್ಷರ ಅಕ್ಷರ ಬಾಯಲ್ಲಿ ಹೇಳಿಕೊಂಡು, ವೀನಸ್ ಮಾಲ್‌ಫಾರ್ಮೇಶನ್, ನಡುವ ಓ ಬರಬೇಕವ್ವ, ಇಂಗ್ಲಿಷಿನ್ಯಾಗ ಓ ಬಿಟ್ರ ವೀನಸ್ ಅಂದ್ರ ಶುಕ್ರಗ್ರಹ ಆಗ್ತದ, ಶುಕ್ರನೋ ಶನಿಯೋ, ಅದರ ಅರ್ಥ ಏನು ಹೇಳವಾ ಅಂದೆ, ಅರ್ಥ ಅಂದ್ರ, ನೀ ಹೊಟ್ಟ್ಯಾಗಿದ್ದಾಗನ ರಕ್ತದ ನಾಳ ತಪ್ಪಾಗಿ ಕಟ್ಟಿಕೊಂಡಾವ, ರಕ್ತ ಅಲ್ಲೇ ನಿಂತು ಉಬ್ಬತದ. ತಪ್ಪಾಗಿ ಅಂತೆ — ಸಿಂದಗಿಯ ಮನೆಯ ಪಡಸಾಲೆ, ಚಿಕ್ಕವಳು ನಾನು, ನನಗೆ ಲಿಂಗದೀಕ್ಷೆ, ಮಠದ ಸ್ವಾಮಿಗಳು ನನ್ನ ಎಡಗೈ ಹಿಡಿದು ನೀಲಿಯನ್ನು ಬೆರಳಲ್ಲಿ ಒತ್ತಿ ನೋಡುತ್ತಿದ್ದಾರೆ, ಅಜ್ಜಿ ಸಾಬವ್ವ ಮುಂದೆ ಬಂದು, ನೋಡ್ರಿ ಅಜ್ಜಾರ, ಲಿಂಗ ಕೂಡೋ ಜಾಗಕ್ಕ ಶಿವ ಮೊದಲ ಗುರುತು ಮಾಡಿ ಕಳಸ್ಯಾನ, ಆಮೇಲೆ ಓಣಿಯ ಹೆಂಗಸರೆಲ್ಲ ನನ್ನ ಅಂಗೈಯನ್ನು ಕಣ್ಣಿಗೆ ಒತ್ತಿಕೊಂಡರು, ಎಷ್ಟು ಬೀಗಿದೆ ನಾನು. ಮುಂದೆ ಆ ನೀಲಿಯೊಳಗೆ ಜೋಳದ ಕಾಳಿನಷ್ಟು ಗಟ್ಟಿಯಾದದ್ದು ಕೈಗೆ ಹತ್ತಿತು, ಮೇಲೊಂದು ಲಿಂಗ, ಒಳಗೊಂದು ಲಿಂಗ ಹುಟ್ಟುತ್ತಿದೆ ಅಂದುಕೊಂಡೆ, ಅಜ್ಜಿ ಮುಟ್ಟಿ ನೋಡಿ ಕೈ ಮುಗಿದು ಅತ್ತೇಬಿಟ್ಟಳು, ಯಾರ ಮುಂದೂ ಹೇಳಬ್ಯಾಡ, ಡಾಕ್ಟರಗಂತೂ ತೋರಸಬ್ಯಾಡ, ನೋವನ್ನೂ ಪೂಜೆಯೆಂದೇ ಸಹಿಸಿದೆ, ಈ ಮರಾಠಿ ಸೀಮೆಗೆ, ಬಿಬವೇವಾಡಿಗೆ, ಸೊಸೆಯಾಗಿ ಬಂದ ಮೇಲೂ, ಗಂಡನಿಗೆ ಉಳುಕು ಅಂತ ಹೇಳಿ. ಇವತ್ತು ಆ ಡಾಕ್ಟರ್ ಹುಡುಗಿ ಪ್ರಾಚಿ ಒಮ್ಮೆ ಒತ್ತಿದಳು, ಕಾಕೂ, ಆತ ಖಡೆ ಝಾಲೇತ, ಒಳಗೆ ಹರಳುಗಳಾಗಿವೆ, ನಿಂತ ರಕ್ತ ಹೆಪ್ಪುಗಟ್ಟಿ ಕಲ್ಲಾಗಿದೆ. ಇಷ್ಟು ವರ್ಷ ನಾನು ಕೈ ಮುಗಿದದ್ದು ನನ್ನದೇ ಕೆಟ್ಟ ರಕ್ತಕ್ಕೇ? ದುಃಖವಾಗುತ್ತದೆ, ಸಿಟ್ಟೂ ಬರುತ್ತದೆ, ಯಾರ ಮೇಲೆಂದು ತಿಳಿಯದು, ಅಜ್ಜಿಯಂತೂ ಈಗಿಲ್ಲ.

ಅವತ್ತು ಅದು ಜಾರದಿದ್ದರೆ ಇಲ್ಲಿಗೆ ಬರುತ್ತಲೇ ಇರಲಿಲ್ಲ — ಬೆಳಗಿನ ಪೂಜೆ, ವಿಭೂತಿ ಹಚ್ಚಿ ಅಂಗೈಯಲ್ಲಿಟ್ಟಿದ್ದೆ, ಬೆರಳು ಮಡಿಚಲು ಹೋದರೆ ಮಡಿಚಲೇ ಇಲ್ಲ, ಲಿಂಗ ಜಾರಿತು, ಫರಶಿ ನೆಲದ ಮೇಲೆ ಠಕ್ ಅಂತ ಬಿತ್ತು, ಆ ಸದ್ದು ಇನ್ನೂ ಕಿವಿಯಲ್ಲಿದೆ. ಈಗ ಸ್ಕ್ಯಾನಿನವನು ಬಾಗಿಲಿಗೆ ಬಂದು, ಕಾಕೂ, ಸಗಳಂ ಕಾಢಾ, ಬಳೆ, ತಾಳಿ, ಎಲ್ಲ ತೆಗೆಯಿರಿ ಅನ್ನುತ್ತಾನೆ, ತೆಗೆದೆ, ಕೊರಳಲ್ಲಿ ಉಳಿದದ್ದು ಲಿಂಗದ ಬೆಳ್ಳಿ ಕರಡಿಗೆ ಒಂದೇ, ಅವ್ವಾ, ಅದೂ ಒಳಗ ನಡಿಯಂಗಿಲ್ಲ ಅನ್ನುತ್ತಾಳೆ ಸ್ನೇಹಲ್, ಹೇಗೆ ತೆಗೆಯಲಿ, ಮೈಮ್ಯಾಲಿಂದ ಲಿಂಗ ಹ್ವಾದ್ರ ಜೀವ ಹ್ವಾದಂಗ ಅನ್ನುತ್ತಿದ್ದಳು ಅಜ್ಜಿ, ಹೆರಿಗೆಯಲ್ಲೂ ಬಿಡಲಿಲ್ಲ ನಾನು, ತೆಗೆಯದಿದ್ದರೆ ಸ್ಕ್ಯಾನಿಲ್ಲ, ಸ್ಕ್ಯಾನಿಲ್ಲದೆ ಔಷಧವಿಲ್ಲ, ಬೆರಳು ಮಡಿಚುವುದಿಲ್ಲ, ಮತ್ತೆ ಬೀಳುತ್ತದೆ, ಮತ್ತೆ ಠಕ್. ಭಯವಾಗುತ್ತಿದೆ, ಸುಳ್ಳೇಕೆ. ಚೀಲಕ್ಕೆ ಹಾಕು ಅನ್ನಲೇ, ಹೊರಗೆ ಚಪ್ಪಲಿಯ ಪಕ್ಕದಲ್ಲಿರುವ ಚೀಲಕ್ಕೇ, ಅಯ್ಯೋ ಶಿವನೇ, ಇವಳ ಕೈಗೆ ಕೊಡಲೇ, ಚಾಕಣದ ಕಂಪನಿ ಸೇರಿದಾಗಿನಿಂದ ತನ್ನ ಲಿಂಗವನ್ನು ಕಪಾಟಿನಲ್ಲಿಟ್ಟವಳು, ಎಷ್ಟು ಬೈದಿದ್ದೇನೆ, ಇವಳಿಗೇನು ಗೊತ್ತು — ಪೆನ್ನು ಕೆಳಗಿಟ್ಟಳು, ದುಪಟ್ಟಾ ತಲೆಯ ಮೇಲೆ ಎಳೆದುಕೊಂಡಳು, ಕೊಡವ್ವಾ ಅಂದಳು, ಕೈ ಚಾಚಿದಳು, ಎಡಗೈ, ನಾನು ಹೇಳಿರಲಿಲ್ಲ, ಎಡಗೈಯನ್ನೇ, ಬರಿದಾದ ಅಂಗೈ, ನೀಲಿ ಇಲ್ಲ, ಗಂಟಿಲ್ಲ, ಗುರುತೇ ಇಲ್ಲ, ಕರಡಿಗೆ ತೆಗೆದು ಇಟ್ಟೆ, ಅವಳ ಬೆರಳು ಒಂದೊಂದಾಗಿ ಮಡಿಚಿದವು, ಒಳಗಿನಿಂದ ಕರೆಯುತ್ತಿದ್ದಾರೆ, ಚನ್ನಬಸವ್ವ ಕೋಣ ಆಹೇ, ಚನ್ನಬಸವ್ವ ಯಾರು ಅಂತ, ನಾನೇ, ಹೋಗಬೇಕು, ಮಗಳ ಎಡಗೈ, ಬೆರಳು ಮಡಿಚಿವೆ, ಪೂರ್ತಿ ಮಡಿಚಿವೆ, ಎಡಗೈ —