ನಾನು ಕರೆದದ್ದು ಅವನನ್ನಲ್ಲ

ನಾನು ಒಂದು ಹೆಣ್ಣು ರೇಷ್ಮೆ ಚಿಟ್ಟೆ. ಕನಕಪುರದ ಕಡೆ, ರೇಷ್ಮೆ ಮೊಟ್ಟೆ ತಯಾರಿಸುವ ಒಂದು ಬಿತ್ತನೆ ಕೋಠಿಯಲ್ಲಿ, ಬೆಳಗಿನ ಹೊತ್ತು, ಗೂಡನ್ನು ಜೊಲ್ಲಿನಿಂದ ನೆನೆಸಿ ತೂತು ಮಾಡಿಕೊಂಡು ಹೊರಬಂದೆ. ರೆಕ್ಕೆ ಇದೆ, ಹಾರಲಾರೆ. ಬಾಯಿ ಇದ್ದೂ ಇಲ್ಲ, ಉಣ್ಣಲಾರೆ. ನನಗಿರುವುದು ಒಂದೇ, ಬಾಲದ ತುದಿಯಿಂದ ಹೊಮ್ಮುವ ಒಂದು ವಾಸನೆ. ಓದಿದವರು ಅದನ್ನು ಫೆರೊಮೋನ್ ಎನ್ನುತ್ತಾರೆ. ಮನುಷ್ಯರ ಮೂಗಿಗೆ ತಿಳಿಯದು. ನನ್ನ ಜಾತಿಯ ಗಂಡಿಗೆ ಸೋಕಿದರೆ ರೆಕ್ಕೆ ಬಡಿಯುತ್ತ ಸುತ್ತು ಹಾಕುತ್ತಾನೆ. ಅದು ನನ್ನ ಮಾತು. ಆ ಮಾತಿನ ಮೇಲೆ ಒಬ್ಬ ತನ್ನ ತಪ್ಪನ್ನು ಹೊರಿಸಿದ. ಆ ಸಿಟ್ಟಿಗೇ ಇದನ್ನು ಹೇಳುತ್ತಿದ್ದೇನೆ.

ನನ್ನನ್ನು ಮೊದಲು ಎತ್ತಿಕೊಂಡ ಕೈ ಇಂದ್ರಾಣಿಯದು. ಹತ್ತೊಂಬತ್ತರ ಹುಡುಗಿ, ಕೆಲಸಕ್ಕೆ ಹೊಸಬಳು. ನನ್ನನ್ನು ಮೆಲ್ಲಗೆ ತಟ್ಟೆಗೆ ಬಿಟ್ಟು, ಗಂಡುಗಳನ್ನು ತರಲು ತಂಪು ಕೋಣೆಗೆ ಹೋದಳು. ಬರಿಗೈಯಲ್ಲಿ ಓಡಿಬಂದಳು. ರವಿಕೆಯ ತೋಳಿನ ಹೊಲಿಗೆ ಬಿಟ್ಟಿತ್ತು. ಹಿಂದೆಯೇ ಗಂಡುಗಳ ತಟ್ಟೆ ಹಿಡಿದು ಮೇಸ್ತ್ರಿ ಶಿವನಂಜ ಬಂದ.

ಮೂವತ್ತು ವರ್ಷ ಚಿಟ್ಟೆ ಜೋಡಿ ಹಾಕಿದ ಹೊಂಬಾಳಮ್ಮ ಕೋಠಿಯ ಯಜಮಾನರನ್ನು ಕರೆಸಿದಳು. "ಮಗೀನ ಮೈ ಮುಟ್ಟವ್ನೆ, ಕೇಳಿ."

ಮೇಸ್ತ್ರಿ ನಕ್ಕ. "ಮಲ್ಲಿಗೆ ಮುಡ್ಕೊಂಡು, ಗಮಗಮ ಅಂತ ಪೌಡ್ರು ಬಳ್ಕೊಂಡು ಬಂದ್ರೆ ನಾನೇನ್ ಮಾಡ್ಲಿ ಸ್ವಾಮಿ? ಎಲ್ಲಾ ವಾಸ್ನೆ ಆಟ. ಇಲ್ನೋಡಿ."

ನನ್ನ ಬಾಲವನ್ನು ಬೆರಳಲ್ಲಿ ಚಿವುಟಿ ಎತ್ತಿ ಗಂಡುಗಳ ಮೇಲೆ ಆಡಿಸಿದ. ಅವೆಲ್ಲ ರೆಕ್ಕೆ ಬಡಿದವು. "ಗಂಡು ಅಂದ್ಮೇಲೆ ಇಷ್ಟೇ," ಎಂದ.

ಯಜಮಾನರು ನೆಲ ನೋಡಿದರು. "ಇಂದ್ರಾಣಿ, ನಾಳೆಯಿಂದ ನೀನು ಬರಬ್ಯಾಡ ಕಣಮ್ಮ. ಯಾಕ್ ಬೇಕು ಗಲಾಟೆ."

ನನ್ನನ್ನು ಸಾಕ್ಷಿ ಮಾಡಿಕೊಂಡು ಅವಳ ಕೆಲಸ ಕಿತ್ತರು! ಬಾಯಿದ್ದರೆ ಆ ಬೆರಳನ್ನು ಕಚ್ಚಿಬಿಡುತ್ತಿದ್ದೆ.

ಮೇಸ್ತ್ರಿ ನನ್ನನ್ನು ಕುಕ್ಕಿ, ಗಂಡುಗಳ ತಟ್ಟೆ ಎತ್ತಲು ಕೈ ಚಾಚಿದ. ನನ್ನ ವಾಸನೆ ಅವನ ಬೆರಳಿಗೆ ಮೆತ್ತಿತ್ತು. ಗಂಡುಗಳು ಅವನ ಕೈಯನ್ನೇ ಮುತ್ತಿದವು, ಹೆಬ್ಬೆಟ್ಟಿಗೆ ಬಾಲ ಬಾಗಿಸಿ ಅಂಟಿದವು. ಕೊಡವಿದರೂ ಮತ್ತೆ ಬಂದವು.

"ಮೇಸ್ತ್ರಪ್ಪ, ಈಗ ನಿನ್ ಹೆಬ್ಬೆಟ್ಟೇ ಕರೀತಾ ಅದಲ್ಲಪ್ಪ," ಎಂದಳು ಹೊಂಬಾಳಮ್ಮ. "ಅದೇನು ಮಲ್ಲಿಗೆ ಮುಡ್ದಿತ್ತಾ?"

ಕೆಲಸದ ಹೆಂಗಸರು ಕಿಸಕ್ಕನೆ ನಕ್ಕರು. ಹೊಂಬಾಳಮ್ಮ ನಗಲಿಲ್ಲ.

"ಚಿಟ್ಟೆಗೆ ನಾಕು ದಿನದ ಬದುಕು, ಬುದ್ಧಿ ಇಲ್ಲ. ನೀನು ದಿನಾ ಎರಡೆರಡು ಮುದ್ದೆ ಉಣ್ಣೋನು. ಚಿಟ್ಟೇನೇ ಆಗ್ಬೇಕಾ? ಬಾ, ತಟ್ಟೇಲಿ ಮನೀಕೊ. ಕೆಲ್ಸ ಮುಗುದ್ ಗಂಡನ್ನ ಏನ್ ಮಾಡ್ತೀವಿ ಅಂತ ಗೊತ್ತಲ್ಲ? ಬುಟ್ಟಿಗೆ ಎಸೀತೀವಿ."

ಆಮೇಲೆ ಕೈಕಟ್ಟಿ ನಿಂತಳು. ಉಳಿದವರೂ ನಿಂತರು. ಪಕ್ಕದ ಮೇಜುಗಳಲ್ಲಿ ಮುಂಜಾನೆಯೇ ಕೂಡಿದ್ದ ಸಾವಿರ ಜೋಡಿಗಳನ್ನು ಬಿಡಿಸುವ ಹೊತ್ತಾಗಿತ್ತು. ತಡವಾದರೆ ಬಿತ್ತನೆ ಮೊಟ್ಟೆ ಕೆಡುತ್ತದೆ.

"ಅವನು ಹೋಗ್ಲಿ, ಈ ಮಗು ಉಳೀಲಿ, ಆಗ ಬಿಡಿಸ್ತೀವಿ," ಎಂದಳು ಹೊಂಬಾಳಮ್ಮ.

ಯಜಮಾನರು ಗಡಿಯಾರ ನೋಡಿದರು, ಮೇಜು ನೋಡಿದರು, ಮೇಸ್ತ್ರಿಗೆ ಬಾಗಿಲು ತೋರಿಸಿದರು. ಶಿವನಂಜ ಚೀಲ ಹೆಗಲಿಗೇರಿಸಿ ಹೊರಟ. ಹುಡುಗಿಗಾಗಿ ಅಲ್ಲ, ಮೊಟ್ಟೆಗಾಗಿ ಅವನನ್ನು ಕಳಿಸಿದರು. ಅದಕ್ಕೂ ನನಗೆ ಸಿಟ್ಟಿದೆ.

ಅದಾಗಿ ಎರಡು ದಿನ. ಈಗ ನಾನು ಗಂಡಿನೊಡನೆ ಕೂಡಿ, ನಾನೂರು ಮೊಟ್ಟೆ ಇಟ್ಟು, ಕಪ್ಪು ಮುಚ್ಚಳದಡಿ ಬಿದ್ದಿದ್ದೇನೆ. ರೆಕ್ಕೆ ಉದುರಿ ಚಿಂದಿಯಾಗಿದೆ. ಇನ್ನು ಸ್ವಲ್ಪ ಹೊತ್ತಿಗೆ ನನ್ನನ್ನು ಅರೆದು, ಮೊಟ್ಟೆಗೆ ನನ್ನಿಂದ ರೋಗ ದಾಟಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅರೆಯುವ ಸರದಿ ಇಂದ್ರಾಣಿಯದು. ಇವತ್ತೂ ಮಲ್ಲಿಗೆ ಮುಡಿದು ಬಂದಿದ್ದಾಳೆ.

ಅರೆಯಲಿ. ಎಷ್ಟು ನುಣ್ಣಗೆ ಅರೆದು ಹುಡುಕಿದರೂ, ಆ ಮೇಸ್ತ್ರಿಯ ರೋಗ ನನ್ನಲ್ಲಿ ಸಿಗುವುದಿಲ್ಲ.