ಮೋಟಾರು ಯಾಕ ಸುಟ್ಟಿತು

ಹುಮನಾಬಾದಿನ ಹಳೆಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಆಮ್ರಪಾಲಿಯ ಮೋಟಾರು ವೈಂಡಿಂಗ್ ಅಂಗಡಿ. ಬೋರ್‌ವೆಲ್ಲಿನ ಮೋಟಾರು, ಹಿಟ್ಟಿನ ಗಿರಣಿಯ ಮೋಟಾರು, ಮಿಕ್ಸರು, ಫ್ಯಾನು, ಸುಟ್ಟು ಬಂದದ್ದನ್ನೆಲ್ಲ ಬಿಚ್ಚಿ, ಹಳೆಯ ತಂತಿ ಕಿತ್ತು, ಹೊಸ ತಾಮ್ರ ಸುತ್ತಿ ಕೊಡುತ್ತಾಳೆ. ಮೊದಲು ಅಪ್ಪ ಮಚ್ಚೇಂದ್ರ ಮಾಡುತ್ತಿದ್ದ. ಅವನ ಕೈ ನಡುಗಲು ಶುರುವಾದ ಮೇಲೆ, ಹನ್ನೊಂದು ವರ್ಷದಿಂದ, ಅವಳೇ. ಮಚ್ಚೇಂದ್ರ ಈಗ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತಾನೆ. ಒಳಗೆ ಮೋಟಾರು ಚಾಲೂ ಆದಾಗ ಮಾತ್ರ ತಲೆ ಓರೆ ಮಾಡಿ ಸದ್ದು ಆಲಿಸುತ್ತಾನೆ.

ಡಿಸೆಂಬರಿನ ಒಂದು ಮಂಗಳವಾರ ಬೆಳಗ್ಗೆ ಮೋರಖಂಡಿಯಿಂದ ಮನೀಷಾ ಎಂಬ ಹೆಣ್ಣುಮಗಳು ಬಂದಳು. ವಯಸ್ಸು ಮೂವತ್ತರ ಹತ್ತಿರ. ಟವೆಲ್ಲಿನಲ್ಲಿ ಸುತ್ತಿ ತಂದಿದ್ದ ವಸ್ತುವನ್ನು ಮೇಜಿನ ಮೇಲಿಟ್ಟಳು. ಅಂಗೈಯಗಲದ, ಚಪ್ಪಟೆಯಾದ ಮೋಟಾರು. ಮೂರು ತಂತಿಗಳು ಹೊರಗೆ ಇಳಿಬಿದ್ದಿದ್ದವು. ಸುಟ್ಟ ವಾರ್ನಿಷ್ ವಾಸನೆ ಇನ್ನೂ ಹೋಗಿರಲಿಲ್ಲ.

"ಔಷಧ ಹೊಡೆಯೋ ಡ್ರೋನಿಂದು ಅದಾರಿ. ಆರು ಮೋಟಾರದಾಗ ಇದೊಂದು ಸುಟ್ಟದ. ಬಸವಕಲ್ಯಾಣದ ಕುನಾಲ ಸರ್ ನಿಮ್ಮ ಹೆಸರು ಹೇಳ್ಯಾರ."

ಕುನಾಲ ಪಾಲಿಟೆಕ್ನಿಕ್ ಮೇಷ್ಟ್ರು. ಭಾನುವಾರ ಬಂತೆಂದರೆ ಬಯಲಿಗೆ ಹೋಗಿ ಥರ್ಮಾಕೋಲಿನ ಮಾದರಿ ವಿಮಾನ ಹಾರಿಸುವ ಹುಚ್ಚು ಅವನಿಗೆ. ಎರಡು ವರ್ಷದ ಹಿಂದೆ ಹೆಬ್ಬೆರಳ ಗಾತ್ರದ ಸುಟ್ಟ ಮೋಟಾರೊಂದನ್ನು ತಂದು ಆಮ್ರಪಾಲಿಯ ಮುಂದಿಟ್ಟಿದ್ದ. ಅದರಲ್ಲಿ ಮಿಕ್ಸರಿನಲ್ಲಿರುವಂತೆ, ತಿರುಗುವ ತಂತಿಗೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಇರಲಿಲ್ಲ. ತಂತಿ ಸುತ್ತಿದ ಭಾಗ ನಡುವೆ ಸುಮ್ಮನೆ ಕೂತಿರುತ್ತಿತ್ತು; ಆಯಸ್ಕಾಂತ ಅಂಟಿಸಿದ ಹೊರಗಿನ ಬಟ್ಟಲೇ ಗಿರಗಿರನೆ ತಿರುಗುತ್ತಿತ್ತು. ಮೂರು ಸಲ ಕೆಡಿಸಿ, ನಾಲ್ಕನೆಯ ಸಲ ಅವಳು ಅದನ್ನು ಸರಿ ಮಾಡಿದ್ದಳು. ಆಗಿನಿಂದ ಅವನು ಇಂಥ ಮೋಟಾರುಗಳನ್ನು ಅವಳಿಗೇ ಕಳಿಸುತ್ತಿದ್ದ.

"ಹೊಸಾದು ತರಿಸಿಕೊಳ್ಳಬಹುದಲ್ರಿ?" ಆಮ್ರಪಾಲಿ ಕೇಳಿದಳು.

"ಕಂಪನಿಯವರು ಇಪ್ಪತ್ತು ದಿನ ಅಂತಾರ. ತೊಗರಿಗೆ ಕಾಯಿಕೊರಕ ಹುಳ ಬಿದ್ದದ. ಇಪ್ಪತ್ತು ದಿನದಾಗ ಹೊಡೆಯಾಕ ಏನೂ ಉಳಿಯಂಗಿಲ್ಲ." ಮನೀಷಾ ಕೂತಲ್ಲಿ ಕೂರಲಿಲ್ಲ. ಮೋಟಾರನ್ನು ಮುಟ್ಟುವಳು, ಮತ್ತೆ ಕೈ ಹಿಂದೆಗೆಯುವಳು. "ಡ್ರೋನ್ ಹಾರಸಾಕಿ ನಾನೇರಿ. ಹೈದರಾಬಾದಿಗೆ ಹೋಗಿ ಕಲತು ಲೈಸೆನ್ಸ್ ತಗೊಂಡೇನಿ. ನೆಲಕ್ಕ ಹತ್ರ ಇದ್ದಾಗ ಸುಟ್ಟಿತು, ಉಳದೆ. ಮ್ಯಾಲ ಇದ್ದಿದ್ರ..."



ಆಮ್ರಪಾಲಿ ಅಂದೇ ಕೆಲಸಕ್ಕೆ ಕೂತಳು. ತಂತಿ ಸುತ್ತುವ ಮೂವತ್ತಾರು ಹಲ್ಲು, ಮೂರು ತಂತಿ. ಒಂದೊಂದು ತಂತಿಗೆ ಹನ್ನೆರಡು ಹಲ್ಲು. ಕೆಲವಕ್ಕೆ ಬಲಸುತ್ತು, ಕೆಲವಕ್ಕೆ ಎಡಸುತ್ತು. ಒಂದು ಹಲ್ಲು ತಪ್ಪಿದರೂ ಮೋಟಾರು ತಿರುಗುವ ಬದಲು ನಿಂತಲ್ಲೇ ನಡುಗುತ್ತದೆ. ಹಳೆಯ ತಂತಿ ಬಿಚ್ಚುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಮೋಟಾರು ಓವರ್‌ಲೋಡಿನಿಂದ ಸುಟ್ಟರೆ ಸುತ್ತೆಲ್ಲ ಒಂದೇ ಸಮ ಕಪ್ಪಾಗಬೇಕು. ಇದು ತಳದಲ್ಲಿ ಒಂದೇ ಕಡೆ ಇದ್ದಿಲಿನಂತಾಗಿತ್ತು. ಅಲ್ಲಿನ ತಂತಿಯಲ್ಲಿ ಉಗುರು ಚುಚ್ಚಿದಷ್ಟು ಚಿಕ್ಕ ತಗ್ಗು. ಆ ತುಂಡನ್ನು ಕತ್ತರಿಸಿ ಒಂದು ಕಾಗದದ ಚೂರಿನಲ್ಲಿ ಮಡಚಿಟ್ಟಳು.

ಬುಧವಾರ ಸಂಜೆ ಮನೀಷಾ ಬಂದಾಗ ಮೋಟಾರು ಸಿದ್ಧವಿತ್ತು. ಮನೀಷಾ ಬೆರಳಿಂದ ತಿರುವಿ ನೋಡಿದಳು; ಹೊರಗಿನ ಬಟ್ಟಲು ಹಗುರವಾಗಿ ಸುತ್ತಿ ನಿಧಾನ ನಿಂತಿತು. ಆಮ್ರಪಾಲಿ ಅದನ್ನು ಕುನಾಲ ಕೊಟ್ಟಿದ್ದ ಕಂಟ್ರೋಲರಿಗೆ ಜೋಡಿಸಿ ಓಡಿಸಿದಳು. ಸಣ್ಣ ಶಿಳ್ಳೆಯಂಥ ಸದ್ದು ಏರಿ ಒಂದೇ ಮಟ್ಟದಲ್ಲಿ ನಿಂತಿತು.

ಮಚ್ಚೇಂದ್ರ ತಲೆ ಓರೆ ಮಾಡಿದ. "ಬರೋಬ್ಬರಿ ಅದಾ." ಆಮೇಲೆ ಕೇಳಿದ: "ಯಾಕ ಸುಟ್ಟಿತ್ತು ಇದು?"

"ಲೋಡ್ ಭಾಳ ಆಗಿರಬೇಕು," ಎಂದಳು ಆಮ್ರಪಾಲಿ. ಮನೀಷಾ ಅವಸರದಲ್ಲಿದ್ದಳು. ಬಸವಕಲ್ಯಾಣದ ಬಸ್ಸು ಹೊರಡುವುದರಲ್ಲಿತ್ತು. ಮೋಟಾರನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಓಡಿದಳು.

ಅವಳು ಓಣಿ ದಾಟಿದಳೋ ಇಲ್ಲವೋ, ಆಮ್ರಪಾಲಿಗೆ ತಾನು ಆಡಿದ ಮಾತು ಚುಚ್ಚತೊಡಗಿತು. ಲೋಡಿನಿಂದ ಸುಟ್ಟದ್ದಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದ್ದು, ಮತ್ತೆ ಯಾತರಿಂದ ಎನ್ನುವುದು. ಅಪ್ಪನ ಕಾಲದಿಂದಲೂ ಆ ಅಂಗಡಿಯಿಂದ ಕಾರಣ ಹೇಳದೆ ಒಂದು ಮೋಟಾರೂ ಹೊರಗೆ ಹೋದದ್ದಿಲ್ಲ. ನೀರು ಇಳಿದಿತ್ತು, ಬೇರಿಂಗ್ ಸವೆದಿತ್ತು, ಕರೆಂಟಿನ ಒಂದು ಫೇಸ್ ಬರುತ್ತಿರಲಿಲ್ಲ, ಹೀಗೆ ಏನಾದರೊಂದು. ಬಾವಿಯ ಮೋಟಾರು ಮತ್ತೆ ಸುಟ್ಟರೆ ನೀರು ನಿಲ್ಲುತ್ತದೆ, ಅಷ್ಟೆ. ಇದು ಹತ್ತು ಲೀಟರ್ ಔಷಧ ಹೊತ್ತು ಜನರ ತಲೆಯ ಮೇಲೆ ಹಾರುವಂಥದ್ದು.

ಮನೆಗೆ ಹೋದರೂ ಸಮಾಧಾನವಿಲ್ಲ. ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಟ್ಟಳು. ಎದ್ದು ಕಾಗದದ ಮಡಿಕೆ ತೆರೆದು ತಂತಿಯ ತುಂಡನ್ನು ದೀಪದ ಕೆಳಗೆ ಹಿಡಿದಳು. ತಗ್ಗಿನ ಅಂಚು ದುಂಡಗಿತ್ತು. ಇಲಿ ಕಚ್ಚಿದ್ದಲ್ಲ, ತನ್ನ ಇಕ್ಕಳದ ಗುರುತೂ ಅಲ್ಲ.

ಮರುದಿನ ಅಂಗಡಿ ತೆರೆದು ಮೊದಲು ಕೈಗೆತ್ತಿಕೊಂಡದ್ದು ಒಂದು ಟೇಬಲ್ ಫ್ಯಾನು. ಅದರ ಹಿಂಬದಿಯ ಸ್ಕ್ರೂ ಬಿಗಿಯುತ್ತಿದ್ದವಳು ನಡುವೆಯೇ ನಿಂತಳು. ಸ್ಕ್ರೂಡ್ರೈವರ್ ಕೈಯಲ್ಲೇ ಉಳಿಯಿತು. ಡ್ರೋನ್ ಮೋಟಾರಿನ ತಳದಲ್ಲಿ ನಾಲ್ಕು ತೂತುಗಳಿದ್ದವು. ಮೋಟಾರನ್ನು ಡ್ರೋನಿನ ತೋಳಿಗೆ ಕೂರಿಸುವ ಸ್ಕ್ರೂ ಅಲ್ಲಿಂದ ಮೇಲೆ ಬರುತ್ತದೆ. ಆ ತೂತಿನ ನೇರಕ್ಕೇ ತಂತಿಯ ಸುತ್ತು. ಮನೀಷಾ ಮೋಟಾರು ತಂದಿದ್ದಳು, ಸ್ಕ್ರೂ ತಂದಿರಲಿಲ್ಲ.

"ಅಪ್ಪಾ, ಸ್ಕ್ರೂ ಉದ್ದ ಆಗ್ಯಾವ!"

ಮಚ್ಚೇಂದ್ರನಿಗೆ ಏನೆಂದು ತಿಳಿಯುವ ಮೊದಲೇ ಅವಳು ಫೋನು ಹಚ್ಚಿದ್ದಳು. ರಿಂಗ್ ಆಯಿತು, ಎತ್ತಲಿಲ್ಲ. ಎರಡನೆಯ ಸಲ, ಮೂರನೆಯ ಸಲ. ಹೊತ್ತು ಎಂಟೂವರೆ. ಇಬ್ಬನಿ ಆರಿದ ಮೇಲೆ ಔಷಧ ಹೊಡೆಯಲು ಶುರುಮಾಡುತ್ತಾರೆ, ಹತ್ತೂವರೆ, ಹನ್ನೊಂದು. ಮೀಟರು, ಸ್ಕ್ರೂ ಬಿಚ್ಚುವ ನಾಲ್ಕು ಪಾನಾ ಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದಳು.

ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗಲಿಲ್ಲ. ಬಾಗಿಲ ಕಂಬ ಹಿಡಿದು ನಿಂತಳು. ರಾಜೇಶ್ವರದಲ್ಲಿ ಕಂಡಕ್ಟರ್ ಚಹಾಕ್ಕೆ ಇಳಿದ. "ಜಲ್ದಿ ಬರ್ರಿ ಅಣ್ಣಾ," ಎಂದು ಕೂಗಿದಳು. ಸಸ್ತಾಪುರ ಬಂಗ್ಲಾದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ರಸ್ತೆ ಹಿಡಿದಿತ್ತು. ಮತ್ತೆ ಫೋನು ಹಚ್ಚಿದಳು. ಈಗ ರಿಂಗ್ ಕೂಡ ಆಗಲಿಲ್ಲ. ಬಸವಕಲ್ಯಾಣದಲ್ಲಿ ಇಳಿದು, ಮಂದಿ ತುಂಬುವವರೆಗೆ ಕಾಯದೆ ಇಡೀ ಆಟೋ ಮಾಡಿಕೊಂಡು ಮೋರಖಂಡಿಗೆ ಹೋದಳು. ಡ್ರೋನಿನವರ ಹೊಲ ಎಂದರೆ ಊರಲ್ಲಿ ಎಲ್ಲರಿಗೂ ಗೊತ್ತಿತ್ತು.

ತೊಗರಿ ಆಳೆತ್ತರ ಬೆಳೆದಿತ್ತು. ಬದುವಿನ ಪಕ್ಕದ ಖಾಲಿ ಜಾಗದಲ್ಲಿ ನೀಲಿ ತಾಡಪಾಲಿನ ಮೇಲೆ ಡ್ರೋನು ಆರು ತೋಳು ಚಾಚಿ ಕೂತಿತ್ತು. ಮನೀಷಾಳ ಗಂಡ ಸತೀಶಕುಮಾರ ಮೂಗಿಗೆ ರುಮಾಲು ಕಟ್ಟಿಕೊಂಡು ಟ್ಯಾಂಕಿಗೆ ಔಷಧ ಸುರಿಯುತ್ತಿದ್ದ. ಬೇವಿನ ಗಿಡದ ಕೆಳಗೆ ಅವನ ತಾಯಿ ತುಳಜಾಬಾಯಿ. ಮನೀಷಾ ರಿಮೋಟು ಹಿಡಿದು ದೂರ ಸರಿದು ನಿಂತಿದ್ದಳು.

"ಹಾರಸಬ್ಯಾಡ್ರಿ! ಬ್ಯಾಟ್ರಿ ತೆಗೀರಿ!"

ಸತೀಶಕುಮಾರ ರುಮಾಲು ಇಳಿಸಿದ. "ಯಾರ್ರಿ ನೀವು?"

"ಮೋಟಾರು ಕಟ್ಟಿದಾಕಿ ನಾನೇರಿ. ಹುಮನಾಬಾದಿಂದ ಬಂದೇನಿ. ಮೋಟಾರ್ ಒಮ್ಮೆ ನೋಡಬೇಕು."

"ನಿನ್ನೆ ನೋಡಿ ಕೊಟ್ಟೀರಿ, ಇವತ್ತ ಬ್ಯಾಡ ಅಂತೀರಿ? ನಾಕು ದಿನ ಆತು ಕೆಲಸ ನಿಂತು. ಬಾಜೂ ಸರೀರಿ."

ಆಮ್ರಪಾಲಿ ಸರಿಯಲಿಲ್ಲ. ತಾಡಪಾಲಿನ ಮೇಲೆ ಡ್ರೋನಿನ ಪಕ್ಕದಲ್ಲೇ ಕೂತುಬಿಟ್ಟಳು. ಅವಳಿಗೆ ಏದುಸಿರು ಬರುತ್ತಿತ್ತು. "ನಾ ಇಲ್ಲಿ ಕುಂತಿರತನಕ ಅದು ಏಳಂಗಿಲ್ಲ. ಐದು ಮಿನಿಟ್ ಕೊಡ್ರಿ. ಗಲತ್ ನಂದಿದ್ರ ನಂದೇ ಅಂತೀನಿ."

ಮನೀಷಾ ಬಂದು ಬ್ಯಾಟರಿ ಕಳಚಿದಳು.

ಆಮ್ರಪಾಲಿ ಒಂದೊಂದೇ ಮೋಟಾರಿನ ರೆಕ್ಕೆಯನ್ನು ಬೆರಳಿನಿಂದ ತಿರುವಿದಳು. ಐದು ಹಗುರವಾಗಿ ಸುತ್ತಿದವು. ತಾನು ಕಟ್ಟಿದ ಆರನೆಯದು ಅರ್ಧ ಸುತ್ತಿಗೇ, ಯಾರೋ ಒಳಗಿನಿಂದ ಹಿಡಿದಂತೆ ಗಕ್ಕನೆ ನಿಂತಿತು.

"ನೋಡ್ರಿ, ಇವರದೇ ಕೆಲಸ ಒಂದು ದಿನಕ್ಕ ಕೆಟ್ಟದ," ಎಂದ ಸತೀಶಕುಮಾರ.

"ಹಿಂಗ ಹಿಡೀತದ ಅಂದ್ರ ಒಳಗ ತಂತಿಗೆ ತಂತಿ ಕೂಡ್ಯದ ಅಂತರಿ. ನಿನ್ನೆ ಸಂಜೀಕ ಹಗುರ ಇತ್ತು, ನಿಮ್ಮ ಮನೆಯವರೇ ತಿರುವಿ ನೋಡ್ಯಾರ." ಹೇಳುತ್ತಲೇ ಅವಳು ಪಾನಾ ಹಚ್ಚಿ ತಳದ ಸ್ಕ್ರೂಗಳನ್ನು ಬಿಚ್ಚಿದಳು. ನಾಲ್ಕನ್ನೂ ಅಂಗೈಯಲ್ಲಿ ಸಾಲಾಗಿ ಇಟ್ಟಳು. ಒಂದು ಗಿಡ್ಡ, ಕಪ್ಪು. ಉಳಿದ ಮೂರು ಬಿಳಿಯವು, ಅದಕ್ಕಿಂತ ಎರಡು ಎಳೆ ಉದ್ದ. ಒಂದರ ತುದಿಗೆ ತಾಮ್ರದ ಪುಡಿ ಹತ್ತಿತ್ತು. ಈಗ ಬಟ್ಟಲನ್ನು ತಿರುವಿದಳು. ಅದು ಸ್ವಲ್ಪ ಸಡಿಲಗೊಂಡಿತು, ಆದರೆ ನಿನ್ನೆಯ ಹಾಗೆ ಸುತ್ತಲಿಲ್ಲ.

"ಇವು ಒಳಗ ಹೋಗಿ ತಂತಿ ಕೊರದಾವ. ಮೊದಲ ಸಲಾನೂ ಹಿಂಗೇ ಸುಟ್ಟದ."

ಸತೀಶಕುಮಾರ ಒಂದು ಬಿಳಿ ಸ್ಕ್ರೂ ಕಸಿದುಕೊಂಡು ನೋಡಿದ. ಮುಖ ಕೆಂಪಾಯಿತು. "ಕಂಪನಿ ಸ್ಕ್ರೂ ಎಲ್ಲಾ ಕಪ್ಪು ಇದ್ವು. ಇವು ಎಲ್ಲಿಂದ ಬಂದ್ವು? ನಿಮ್ಮ ಅಂಗಡ್ಯಾಗ ಬದಲಾಗ್ಯಾವ. ಎರಡನೇ ಸಲ ಗಿರಾಕಿ ಬರಲಿ ಅಂತ ಮಾಡೀರಿ."

ಆಮ್ರಪಾಲಿ ತಲೆಯೆತ್ತಿದಳು. ಮನೀಷಾ ರಿಮೋಟನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಆ ಮುಖ ನೋಡಿದ್ದೇ ಆಮ್ರಪಾಲಿಗೆ ಎಲ್ಲ ತಿಳಿಯಿತು. ಮೋಟಾರು ನನ್ನ ಹತ್ತಿರ ಬಂದಾಗ ಸ್ಕ್ರೂ ಇರಲೇ ಇಲ್ಲ ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು. ಆ ಮಾತು ನಾಲಗೆಯ ತುದಿಗೆ ಬಂದಿತ್ತು. ಆಡಿದರೆ ಈ ಹೆಂಗಸಿನ ಗತಿಯೇನು, ಆಡದಿದ್ದರೆ ಅಪ್ಪನ ಅಂಗಡಿಯ ಹೆಸರೇನು? ಅವಳು ಉಳಿದ ಸ್ಕ್ರೂಗಳನ್ನು ತಾಡಪಾಲಿನ ಮೇಲೆ ಒಂದೊಂದಾಗಿ ಇಟ್ಟಳು.

"ಬಾಯಿ ಬಿಡ್ರಿ," ಎಂದ ಅವನು.

"ನಾನೇ ಹಾಕೀನಿ." ಮನೀಷಾಳ ದನಿ ಸಣ್ಣದಿತ್ತು. ಆಮೇಲೆ ಗಟ್ಟಿಯಾಗಿ ಇನ್ನೊಮ್ಮೆ ಹೇಳಿದಳು. "ಅವರನ್ನ ಅನಬ್ಯಾಡ್ರಿ. ದೀಪಾವಳಿಗೆ ಮೋಟಾರ್ ಬಿಚ್ಚಿ ತೊಳೆಯೋ ಮುಂದ ಮೂರು ಸ್ಕ್ರೂ ಎರೆಮಣ್ಣಾಗ ಬಿದ್ವು. ಎಷ್ಟು ಹುಡಕಿದ್ರೂ ಸಿಗಲಿಲ್ಲ. ಪಂಪಿನ ಡಬ್ಬ್ಯಾಗಿದ್ದವು ತಂದು ಹಾಕೀನಿ. ಕುಂತ್ವು, ಬರೋಬ್ಬರಿ ಅನಸ್ತು. ನಿನ್ನೆ ರಾತ್ರಿ ಅವನ್ನೇ ಇನ್ನೂ ಬಿಗಿ ಮಾಡಿ ಹಾಕೀನಿ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಡ್ರೋನ್ ನನ್ನ ಕೈಯಾಗ ಕೊಡತಿದ್ರೇನು ನೀವು?"

ಸತೀಶಕುಮಾರ ಔಷಧದ ಡಬ್ಬಿಯನ್ನು ಕಾಲಿನಿಂದ ಬದಿಗೆ ತಳ್ಳಿದ. "ನಾಳಿಂದ ಕಲಬುರಗಿಯಿಂದ ಬಾಡಿಗಿ ಪೈಲಟ್‌ನ ಕರಸ್ತೀನಿ," ಎಂದು ಬದುವಿನ ಕಡೆ ನಡೆದುಬಿಟ್ಟ.

ತುಳಜಾಬಾಯಿ ಎದ್ದು ಬಂದು ಆಮ್ರಪಾಲಿಯ ಮುಂದೆ ನೀರಿನ ತಂಬಿಗೆ ಇಟ್ಟಳು. "ಯಾರ ಮಗಳವ್ವಾ ನೀ?"

"ವೈಂಡಿಂಗ್ ಮಚ್ಚೇಂದ್ರನ ಮಗಳ್ರಿ."

"ನಮ್ಮ ಬಾವಿ ಮೋಟಾರು ಅವನೇ ಕಟ್ತಿದ್ದ. ಭಾಳ ಬೈತಿದ್ದ ನಮಗ, ನೀವೇ ಸುಡ್ತೀರಿ ಅಂತ." ಆಮೇಲೆ ಸೊಸೆಯ ಕಡೆ ತಿರುಗಿದಳು. "ನೀ ಯಾಕ ನಿಂತಿ? ಆಕೀ ಕೂಡ ಹೋಗು. ಕೆಡಿಸಿದಾಕಿ ನೀನೇ, ಕೂತು ಮಾಡಿಸಿಕೊಂಡು ಬಾ."

ಕೊರೆದ ತಂತಿಯ ಮೇಲೆ ವಾರ್ನಿಷ್ ಸವರಿ ಅಂದೇ ಹಾರಿಸಬಹುದಿತ್ತು. ಆಮ್ರಪಾಲಿ ಒಪ್ಪಲಿಲ್ಲ. ಇಬ್ಬರೂ ಮೋಟಾರು ಹಿಡಿದು ಮಧ್ಯಾಹ್ನದ ಬಸ್ಸಿಗೆ ಹುಮನಾಬಾದಿಗೆ ಬಂದರು. ಆ ದಿನವೂ ಮರುದಿನವೂ ಮನೀಷಾ ಅಂಗಡಿಯಲ್ಲೇ ಇದ್ದಳು. ರಾತ್ರಿ ಆಮ್ರಪಾಲಿಯ ಮನೆಯಲ್ಲೇ ಉಂಡು ಮಲಗಿದಳು. ಹಲ್ಲು ಎಣಿಸಿದಳು, ಬಲಸುತ್ತು ಎಡಸುತ್ತು ಎಂದು ಗಟ್ಟಿಯಾಗಿ ಹೇಳುತ್ತ ಹೋದಳು, ಎರಡು ಸಲ ತಪ್ಪಿ ಬಿಚ್ಚಿಸಿದಳು. ನಡುನಡುವೆ ಎದ್ದು ಬಾಗಿಲಿಗೆ ಹೋಗಿ ಆಕಾಶ ನೋಡಿ ಬರುತ್ತಿದ್ದಳು. ಮೋಡ ಬಂದರೆ ಹುಳ ಹೆಚ್ಚುತ್ತದೆ. ಕುನಾಲ ತನ್ನ ಡಬ್ಬಿಯಿಂದ ಸರಿಯಾದ ಅಳತೆಯ ಸ್ಕ್ರೂ ಆರಿಸಿ ಬಸ್ಸಿನಲ್ಲಿ ಕಳಿಸಿಕೊಟ್ಟ.

ಶನಿವಾರ ಆಮ್ರಪಾಲಿಯೂ ಹೊಲಕ್ಕೆ ಹೋದಳು. ಕಲಬುರಗಿಯ ಪೈಲಟ್ ಬಂದಿರಲಿಲ್ಲ. ಅವನಿಗೆ ಹದಿನೈದು ದಿನ ಬಿಡುವಿಲ್ಲವಂತೆ. ಅಷ್ಟರಲ್ಲಿ ಸತೀಶಕುಮಾರ ಆಳುಗಳ ಬೆನ್ನಿಗೆ ಪಂಪು ಹೊರಿಸಿ ಮೂರು ಎಕರೆ ಹೊಡೆಸಿದ್ದ. ಎತ್ತರದ ತೊಗರಿಯೊಳಗೆ ನುಗ್ಗಿದವರಲ್ಲಿ ಒಬ್ಬನಿಗೆ ಔಷಧ ಏರಿ ವಾಂತಿಯಾಗಿತ್ತು. ಉಳಿದದ್ದು ಹನ್ನೊಂದು ಎಕರೆ. ಅವನು ಹೆಂಡತಿಯ ಮುಖ ನೋಡದೆ ಟ್ಯಾಂಕು ತುಂಬಿಸಿದ.

ಮನೀಷಾ ಆರೂ ರೆಕ್ಕೆಗಳನ್ನು ಬೆರಳಿನಿಂದ ತಿರುವಿದಳು. ಹಿಂದೆ ಸರಿದು ರಿಮೋಟಿನ ಕೋಲು ಒತ್ತಿದಳು. ಡ್ರೋನು ಧೂಳೆಬ್ಬಿಸಿ ಎದ್ದು, ಒಂದು ಗಳಿಗೆ ತೂಗಾಡಿ, ತೊಗರಿಯ ಹಳದಿ ಹೂವಿನ ಮೇಲೆ ನೇರ ಸಾಗಿತು. ಆಮ್ರಪಾಲಿ ಉಸಿರು ಬಿಗಿಹಿಡಿದು ಒಂದೇ ತೋಳಿನತ್ತ ನೋಡುತ್ತಿದ್ದಳು. ಟ್ಯಾಂಕು ಖಾಲಿಯಾಗಿ ಇಳಿದಾಗ ಓಡಿಹೋಗಿ ಮೋಟಾರು ಮುಟ್ಟಿದಳು. ಉಳಿದವುಗಳಷ್ಟೇ ಬಿಸಿ. ಎರಡನೆಯ ಟ್ಯಾಂಕಿಗೂ ಅಷ್ಟೇ, ಐದನೆಯದಕ್ಕೂ ಅಷ್ಟೇ.

ಏಳನೆಯ ಟ್ಯಾಂಕು ಇಳಿದಾಗ ಸತೀಶಕುಮಾರ ಬಂದು ಕೈ ಚಾಚಿದ. "ಬಿಸಲಾಗ ನಿಂತು ಸುಸ್ತಾಗೀದಿ. ರಿಮೋಟ್ ಇಲ್ಲಿ ತಾ, ಉಳದದ್ದು ನಾ ಹೊಡೀತೀನಿ."

ಮನೀಷಾ ಡ್ರೋನಿನಿಂದ ಕಣ್ಣು ತೆಗೆಯಲಿಲ್ಲ. "ನಿಮ್ಮ ಹತ್ರ ಲೈಸೆನ್ಸ್ ಇಲ್ಲಲ್ರಿ. ಬ್ಯಾಟ್ರಿ ಬದಲಿ ಮಾಡ್ರಿ, ಚಾರ್ಜ್ ಆಗಿದ್ದು ಗಿಡದ ಬುಡಕ್ಕದ."

ಅವನು ಚಾಚಿದ ಕೈ ಇಳಿಸಿದ. ಆಮೇಲೆ ಬ್ಯಾಟರಿ ತರಲು ಬೇವಿನ ಗಿಡದ ಕಡೆ ನಡೆದ.