ಜಾಕೀರನ ಎಡಗೈ

ಚೆಂಡು ಎಸೆಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನಿಗೆ ಚೆಂಡು ಎಸೆಯಲು ಅಂಜಿಕೆ ಎಂದರೆ ಯಾರು ನಂಬಬೇಕು? ಕೊಪ್ಪಳದ ಪಕ್ಕದ ಭಾಗ್ಯನಗರದ ಜಾಕೀರ ಅಂಥ ಮನುಷ್ಯ. ಹ್ಯಾಂಡ್‌ಬಾಲ್ ಆಡುವ ಕಾಲಕ್ಕೆ ಅವನು ಎಡಗೈ ಎತ್ತಿದರೆ ಸಾಕು, ಎದುರಿನ ಗೋಲ್‌ಕೀಪರ್ ಮನೆದೇವರನ್ನು ನೆನೆಯುತ್ತಿದ್ದ. ಯಲಬುರ್ಗಾದ ಒಂದು ಪಂದ್ಯದಲ್ಲಿ ಆ ಕೈಯಿಂದ ಹೊರಟ ಚೆಂಡು ಗೋಲ್‌ಕೀಪರ್ ಮಾಂತೇಶನ ಮುಖಕ್ಕೆ ಬಡಿದು, ಅವನ ಬಲಗಣ್ಣು ಹೋಯಿತು. "ಆಟದಾಗ ಆಗೂದೈತಿ, ಬಿಡೋ" ಎಂದು ಮಾಂತೇಶ ಮರೆತ. ಮರೆಯಲಾಗದೆ ಒದ್ದಾಡಿದವನು ಜಾಕೀರ. ಆಟ ಬಿಟ್ಟು ಕೋಚ್ ಆದ.

ಈಗ ಅದೇ ಮಾಂತೇಶನ ಮಗಳು ಅನ್ನಪೂರ್ಣ ಅವನ ಕೊಪ್ಪಳ ತಂಡದ ಗೋಲ್‌ಕೀಪರ್. ವರ್ಷವಿಡೀ ಜಾಕೀರ ಅವಳತ್ತ ಹೂವು ಎಸೆದಂತೆ ಚೆಂಡು ಎಸೆದಿದ್ದ. ಎಲ್ಲವನ್ನೂ ತಡೆದ ಹುಡುಗಿ ತಾನೇ ಹುಲಿ ಅಂದುಕೊಂಡಿದ್ದಳು. ನಾಳೆ ಗಂಗಾವತಿಯಲ್ಲಿ ಕುಷ್ಟಗಿಯವರ ಮೇಲೆ ಪಂದ್ಯ. ಆ ತಂಡದ ಹುಡುಗಿಯೊಬ್ಬಳ ಹೊಡೆತ ನೋಡಿಬಂದಿದ್ದ ಮಾಂತೇಶ ಸಂಜೆ ನೇರ ಮೈದಾನಕ್ಕೇ ಬಂದು ಮಗಳು ಕಾಯುತ್ತಿದ್ದ ಗೋಲಿನ ಪಕ್ಕ ನಿಂತ.

"ಜಾಕೀರ, ಇಕಿಗೆ ಹೊಡಿ. ಖರೇ ಹೊಡಿ."

"ಬ್ಯಾಡೋ ಮಾಂತೇಶ. ಕೈ ಏಳೂದಿಲ್ಲ."

"ನೀ ಹೊಡೀಲಿಲ್ಲಂದ್ರ ನಾಳಿ ಆ ಕುಷ್ಟಗಿ ಹುಡುಗಿ ಹೊಡೀತಾಳ. ಇಲ್ಲೆ ಕಲೀಲಾರದಾಕಿ ಅಲ್ಲೆ ಹ್ಯಾಂಗ ಕಲೀತಾಳ?"

ಮಾತು ಸುಳ್ಳಲ್ಲ. ಹುಡುಗಿಯನ್ನು ಕಾಪಾಡುತ್ತೇನೆಂದು ಹೋಗಿ ಅವಳನ್ನು ಅಪಾಯದ ಬಾಯಿಗೆ ನಿಲ್ಲಿಸಿದವನು ತಾನೇ. ಜಾಕೀರನ ಅಂಗೈ ಬೆವತು ಚೆಂಡು ಜಾರತೊಡಗಿತು, ಅಂಗಿಗೆ ಒರೆಸಿಕೊಂಡ. ಅವಳ ಎರಡು ಕಣ್ಣುಗಳನ್ನು ಬಿಟ್ಟು ಅವನಿಗೆ ಬೇರೇನೂ ಕಾಣಲೊಲ್ಲದು. "ಯಾ ಅಲ್ಲಾ" ಎಂದುಕೊಂಡು ಓಡಿದ, ಜಿಗಿದ, ಹೊಡೆದ.

ಧಪ್ ಎಂದಿತು. ಅನ್ನಪೂರ್ಣ ಮುಖ ಮುಚ್ಚಿಕೊಂಡು ನೆಲಕ್ಕೆ ಬಿದ್ದಿದ್ದಳು.

ಜಾಕೀರ ಓಡಿಹೋಗಿ ಮೊಣಕಾಲೂರಿ ಅವಳ ಕೈ ಸರಿಸಿದ. ಕಣ್ಣೆರಡೂ ನೆಟ್ಟಗಿದ್ದವು. ಮುಂಗೈ ಮೇಲೆ ಕೆಂಪು ಬಾಸುಂಡೆ ಏಳುತ್ತಿತ್ತು. ಚೆಂಡನ್ನು ಅವಳು ತಡೆದಿದ್ದಳು. ಆದರೂ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಭಾಳ ನೋವಾತೇನವ್ವ?"

"ಇಷ್ಟು ದಿನ ನನಗ ಸುಳ್ಳ ಚೆಂಡು ಹೊಡದ್ರೇನ್ರಿ, ಸರ್?"

 ಏನಾದರೂ ಹೇಳಲಿ ಎಂದು ಜಾಕೀರ ಮಾಂತೇಶನ ಕಡೆ ನೋಡಿದರೆ, ಅಷ್ಟು ಗಟ್ಟಿಯಾಗಿ "ಹೊಡಿ" ಎಂದಿದ್ದ ಅಪ್ಪ ಗೋಲಿನ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿ, ಇದ್ದ ಒಂದು ಕಣ್ಣನ್ನೂ ಬಿಗಿಯಾಗಿ ಮುಚ್ಚಿಕೊಂಡು ನಿಂತಿದ್ದ.

"ಏಳ್ರಿ ಸರ್," ಎಂದಳು ಅನ್ನಪೂರ್ಣ, ತೋಳಿನಿಂದ ಮೂಗು ಒರೆಸಿಕೊಳ್ಳುತ್ತಾ. "ಕತ್ತಲಾಗೂದ್ರಾಗ ಎಷ್ಟಾಗ್ತದೋ ಅಷ್ಟು ಹೊಡೀರಿ. ನನಗ ಅಂಜಿಕಿ ಬರಾಕತ್ತೈತಿ, ಅದು ಇಲ್ಲೆ ಹೋಗ್ಲಿ."

ಜಾಕೀರ ಚೆಂಡು ಎತ್ತಿಕೊಂಡ. ಎಡಗೈ ಮೇಲೆತ್ತಿದ.